ವಾಲಿಬಾಲ್ ಅಂಗಳವೂ ಹದಿನಾರರ ಹೊಸ್ತಿಲೂ

೧೯೭೭ನೆಯ ಇಸವಿಯಲ್ಲಿ ಬ್ರೆಜಿಲ್ ದೇಶದಲ್ಲಿ, ಇಪ್ಪತ್ತು ವರ್ಷದೊಳಗಿನ ಹುಡುಗಿಯರ ಮೊದಲನೆಯ ಜಾಗತಿಕ ವಾಲಿಬಾಲ್ ಪಂದ್ಯಾವಳಿ ಜರುಗಿತು. ದಕ್ಷಿಣ ಕೊರಿಯದ ಹುಡುಗಿಯರು ಗೆದ್ದರು. ಮರುವರ್ಷ, ೧೯೭೮ರಲ್ಲಿ, ನಮ್ಮ ಪಾರ್ಲಿಮೆಂಟು ಬಾಲ್ಯವಿವಾಹ ಪ್ರತಿಬಂಧಕ ಕಾಯಿದೆಯನ್ನು ತಿದ್ದಿ, ಹೆಣ್ಣಿನ ಮದುವೆಯ ಕನಿಷ್ಠ ವಯಸ್ಸನ್ನು ಹದಿನೈದರಿಂದ ಹದಿನೆಂಟಕ್ಕೆ ಏರಿಸಿತು. ಈ ಎರಡು ಸಂಗತಿಗಳಿಗೆ ಎತ್ತಣಿಂದೆತ್ತ ಸಂಬಂಧವೆಂದು ವಾಚಕರು ಕೇಳಬಹುದು. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳ ಕಡೆಯ ಶಾಲೆಗಳ ಬಯಲನ್ನು ಕಂಡುಬಲ್ಲ ನನಗಂತೂ ಇವೆರಡೂ ಒಂದೇ ಕಥೆಯ ಎದುರುಬದುರಿನ ಪುಟಗಳಾಗಿ ತೋರುತ್ತವೆ. ಹದಿನೈದರಿಂದ ಇಪ್ಪತ್ತರವರೆಗಿನ ಐದು ವರ್ಷ ಹುಡುಗಿಯನ್ನು ಆಟದ ಬಯಲಿನಲ್ಲಿ ಉಳಿಯಗೊಟ್ಟ ನಾಡುಗಳ ಹೆಸರು ಆ ಪಂದ್ಯಾವಳಿಯ ಪಟ್ಟಿಯಲ್ಲಿ ಸೇರುತ್ತ ಬಂದಿದೆ; ಉಳಿಯಗೊಡದ ನಾಡುಗಳ ಹೆಸರು ಸೇರಿಲ್ಲ.

ಈ ಆಟ ಹುಟ್ಟಿದ್ದು ಹುಡುಗಿಯರಿಗಾಗಿ ಅಲ್ಲ. ಅಷ್ಟೇಕೆ, ಹುಡುಗರಿಗಾಗಿಯೂ ಅಲ್ಲ. ೧೮೯೫ರಲ್ಲಿ ಅಮೇರಿಕೆಯ ಮ್ಯಾಸಚೂಸೆಟ್ಸ್ ಸಂಸ್ಥಾನದ ಹೋಲಿಯೋಕ್ ಎಂಬ ಊರಿನ ವೈ.ಎಂ.ಸಿ.ಎ. ಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದ ವಿಲಿಯಂ ಮಾರ್ಗನ್, ಸಂಜೆ ಅಂಗಡಿ ಮುಚ್ಚಿ ಬರುವ ನಡುವಯಸ್ಸಿನ ವ್ಯಾಪಾರಸ್ಥರಿಗೆ ಬಾಸ್ಕೆಟ್‌ಬಾಲ್ ದಣಿವಾಗುತ್ತದೆಂದು ಇದನ್ನು ಕಟ್ಟಿದ. ಟೆನಿಸ್ ಬಲೆಯನ್ನು ಆರೂವರೆ ಅಡಿ ಎತ್ತರಕ್ಕೆ ಏರಿಸಿದ. ಮೊದಲಿಟ್ಟ ಹೆಸರು ಮಿಂಟೊನೆಟ್. ವಾಲಿಬಾಲ್ ಎಂಬ ಹೆಸರು ಬಂದದ್ದು ೧೮೯೬ರಲ್ಲಿ. ಹೊಟ್ಟೆ ಬೆಳೆದವರ ಸಲುವಾಗಿ ಹುಟ್ಟಿದ ಆಟ ಮುಂದೆ ಜಗತ್ತಿನ ಹೆಣ್ಣುಮಕ್ಕಳ ಕೈಗೆ ಬಂದದ್ದು ಇತಿಹಾಸದ ಒಂದು ವಿನೋದ.

ಕೈಗೆ ಬರಲು ಕಾರಣವೂ ಉಂಟು. ಇಲ್ಲಿ ಎದುರಾಳಿಯ ಮೈಮೇಲೆ ಬೀಳುವಂತಿಲ್ಲ, ನಡುವೆ ಬಲೆಯಿದೆ. ಹದಿನೆಂಟು ಮೀಟರ್ ಉದ್ದ, ಒಂಬತ್ತು ಮೀಟರ್ ಅಗಲದ ಜಾಗ, ಎರಡು ಕಂಬ, ಒಂದು ಬಲೆ, ಒಂದು ಚೆಂಡು ಸಾಕು. ಹೆಂಗಸರ ಬಲೆಯ ಎತ್ತರ ೨.೨೪ ಮೀಟರ್. ಚೆಂಡನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ; ಒಬ್ಬಳೇ ಸತತ ಎರಡು ಸಲ ಮುಟ್ಟುವಂತೆಯೂ ಇಲ್ಲ. ಆರೂ ಜನರು ಸರದಿಯಂತೆ ಸುತ್ತುತ್ತ ಹಿಂದೆಯೂ ಮುಂದೆಯೂ ನಿಲ್ಲಬೇಕು. ಮಗಳನ್ನು ಆಟಕ್ಕೆ ಕಳಿಸಲು ಹಿಂದೆಮುಂದೆ ನೋಡುವ ತಾಯಿತಂದೆಗಳು ಮೊದಲು ಒಪ್ಪುವ ಆಟ ಇದಾಗಿರುವುದರಲ್ಲಿ ಆಶ್ಚರ್ಯವಿಲ್ಲ.

ಒಪ್ಪಿಗೆಯ ಕಥೆಯಲ್ಲಿ ಮೊದಲನೆಯ ಅಧ್ಯಾಯ ಜಪಾನಿನದು. ಅದು ಹತ್ತಿಯ ಕಥೆಯೂ ಆದ್ದರಿಂದ ನಮ್ಮ ಎರೆಭೂಮಿಯವರಿಗೆ ಹತ್ತಿರದ್ದು. ೧೮೯೩ರಲ್ಲಿ ಮುಂಬಯಿಗೂ ಜಪಾನಿಗೂ ನಡುವೆ ಹಡಗಿನ ಮಾರ್ಗ ತೆರೆದಮೇಲೆ, ಹಿಂದುಸ್ತಾನದ ಹತ್ತಿ ಓಸಾಕಾ ಕಡೆಯ ನೂಲಿನ ಗಿರಣಿಗಳಿಗೆ ಹೇರಳವಾಗಿ ಹೋಯಿತು. ಆ ಗಿರಣಿಗಳಲ್ಲಿ ದುಡಿದವರು ಹಳ್ಳಿಗಳಿಂದ ಬಂದ ಎಳೆಯ ಹುಡುಗಿಯರು. ಅವರಿಗಾಗಿ ಗಿರಣಿಯ ಅಂಗಳದಲ್ಲಿಯೇ ವಾಲಿಬಾಲ್ ಬಲೆ ಕಟ್ಟಿದರು. ಓಸಾಕಾ ಬಳಿಯ ಕೈಝುಕಾದಲ್ಲಿದ್ದ ನಿಚಿಬೋ ಗಿರಣಿಯ ತಂಡ ೧೯೬೨ರಲ್ಲಿ ಮಾಸ್ಕೋಗೆ ಹೋಗಿ, ರಶಿಯಾದವರನ್ನು ಅವರ ಮನೆಯಂಗಳದಲ್ಲಿಯೇ ಸೋಲಿಸಿ ಜಗಜ್ಜೇತೃವಾಯಿತು. ೧೯೬೪ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ವಾಲಿಬಾಲಿಗೆ ಮೊದಲ ಸಲ ಸ್ಥಾನ ದೊರೆತಾಗ, ಬಹುಪಾಲು ಇದೇ ಗಿರಣಿಯ ಹುಡುಗಿಯರಿದ್ದ ಜಪಾನು ತಂಡ ಅಕ್ಟೋಬರ್ ೨೩ರಂದು ರಶಿಯಾವನ್ನು ೩-೦ ಯಿಂದ ಸೋಲಿಸಿ ಬಂಗಾರದ ಪದಕ ಪಡೆಯಿತು.

ಅವರ ತರಬೇತುಗಾರ ದೈಮಾತ್ಸು ಹಿರೋಬುಮಿ. ಹಗಲು ಗಿರಣಿಯ ಕೆಲಸ, ಸಂಜೆಯಿಂದ ನಡುರಾತ್ರಿಯವರೆಗೆ ಅಭ್ಯಾಸ. ನೆಲಕ್ಕೆ ಬಿದ್ದು ಚೆಂಡನ್ನೆತ್ತಿ, ಭುಜದ ಮೇಲೆ ಉರುಳಿ, ಅದೇ ಉಸಿರಿನಲ್ಲಿ ಎದ್ದು ನಿಲ್ಲುವ ವರಸೆಯನ್ನು ಅವನು ಕಲಿಸಿದ. ಅವನ ಕಾಠಿಣ್ಯವನ್ನು ನಾನು ಹೊಗಳಲಾರೆ. ನನ್ನ ಮನಸ್ಸಿನಲ್ಲಿ ನಿಂತದ್ದು ನಾಯಕಿ ಕಸಾಯಿ ಮಸಾಯೆಯ ಸಂಗತಿ. ಬಂಗಾರ ಗೆದ್ದಾಗ ಆಕೆಗೆ ಮೂವತ್ತೊಂದು ವರ್ಷ, ಮದುವೆಯಾಗಿರಲಿಲ್ಲ. ಅಂದಿನ ಜಪಾನಿನಲ್ಲಿ ಇದು ಸಣ್ಣ ಮಾತಲ್ಲ. ೧೯೬೫ರಲ್ಲಿ ಪ್ರಧಾನಮಂತ್ರಿ ಸಾತೋ ಅವರೇ ಮುಂದೆ ನಿಂತು ಆಕೆಗೊಬ್ಬ ವರನನ್ನು ಪರಿಚಯಿಸಿದರು, ಮದುವೆಯೂ ಆಯಿತು. ದೇಶಕ್ಕಾಗಿ ಆಡಿದ ಹುಡುಗಿಯ ಲಗ್ನದ ಚಿಂತೆಯನ್ನು ದೇಶದ ಪ್ರಧಾನಿ ಹೊತ್ತನೆಂದರೆ, ಮಗಳನ್ನು ಆಡಲು ಬಿಟ್ಟ ತಾಯಿತಂದೆಗಳು ಏನನ್ನು ಪಣಕ್ಕಿಟ್ಟಿದ್ದರೆಂಬುದು ಇಡೀ ಸಮಾಜಕ್ಕೆ ತಿಳಿದಿತ್ತು ಎಂದಾಯಿತು.

ಜಪಾನಿನಿಂದ ಈ ವಿದ್ಯೆ ಹರಿದ ಬಗೆ ಸ್ವಾರಸ್ಯವಾಗಿದೆ. ಪಕ್ಕದ ಕೊರಿಯದ ಹೆಂಗಸರು ೧೯೭೬ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದರು. ಆ ತಂಡದ ಜೋ ಹೇ-ಜುಂಗ್ ಕೇವಲ ೧೬೪ ಸೆಂಟಿಮೀಟರ್ ಎತ್ತರದವಳು; ‘ಹಾರುವ ಪುಟ್ಟ ಹಕ್ಕಿ’ ಎಂದು ಆಕೆಯನ್ನು ಕರೆದರು. ಮರುವರ್ಷವೇ ಬ್ರೆಜಿಲಿನಲ್ಲಿ ಆ ದೇಶದ ಕಿರಿಯರು ಗೆದ್ದರು. ೧೯೮೧ರಲ್ಲಿ ಮೆಕ್ಸಿಕೋದಲ್ಲಿ ಮತ್ತೆ ಗೆದ್ದರು. ದೂರದ ಪೆರು ದೇಶಕ್ಕೆ ೧೯೬೫ರಲ್ಲಿ ಜಪಾನಿನ ಅಕಿರಾ ಕಾಟೋ ಹೋಗಿ ಹುಡುಗಿಯರಿಗೆ ಕಲಿಸತೊಡಗಿದರು. ಅವರ ನಂತರ ಕೊರಿಯದ ಪಾರ್ಕ್ ಮಾನ್-ಬೋಕ್ ಬಂದರು. ೧೯೮೮ರ ಸೋಲ್ ಒಲಿಂಪಿಕ್ಸಿನ ಅಂತಿಮ ಪಂದ್ಯದಲ್ಲಿ ಪೆರುವಿನ ಹೆಂಗಸರು ರಶಿಯಾದ ಮೇಲೆ ಎರಡು ಸೆಟ್ ಮುಂದಿದ್ದು, ಕೊನೆಗೆ ಸೋತು ಬೆಳ್ಳಿ ಪಡೆದರು. ಆ ತಂಡದ ಸೆಸಿಲಿಯಾ ತೈತ್ ಲಿಮಾ ನಗರದ ಬಡವರ ಕೇರಿಯಲ್ಲಿ ಬೆಳೆದವಳು. ಮುಂದೆ ದೇಶದ ಶಾಸನಸಭೆಗೆ ಆರಿಸಿಬಂದಳು.

ನಮಗೆ ಇನ್ನೂ ಹತ್ತಿರದ ಉದಾಹರಣೆ ಥಾಯ್ಲೆಂಡ್. ನಮ್ಮಂತೆಯೇ ಒಕ್ಕಲುತನದ ನಾಡು. ಕಿರಿಯ ಹುಡುಗಿಯರ ಜಾಗತಿಕ ಪಂದ್ಯಾವಳಿ ೧೯೯೫, ೨೦೦೩, ೨೦೦೭ರಲ್ಲಿ ಮೂರು ಸಲ ಅಲ್ಲಿ ನಡೆಯಿತು. ೨೦೦೩ರದು ಸುಫಾನ್‌ಬುರಿಯಲ್ಲಿ, ೨೦೦೭ರದು ನಖೋನ್ ರಾಚಸೀಮಾದಲ್ಲಿ. ಎರಡೂ ರಾಜಧಾನಿಯಿಂದ ಹೊರಗಿನ ಜಿಲ್ಲಾ ಊರುಗಳು. ಜಗತ್ತಿನ ಹುಡುಗಿಯರು ಆಡುವುದನ್ನು ಹಳ್ಳಿಯ ಹುಡುಗಿಯರು ಅಲ್ಲಿ ಕಣ್ಣಾರೆ ಕಾಣುವಂತಾಯಿತು. ೨೦೦೯ರಲ್ಲಿಯೂ ೨೦೧೩ರಲ್ಲಿಯೂ ಏಶಿಯಾ ಖಂಡದ ಹೆಂಗಸರ ಪ್ರಶಸ್ತಿ ಥಾಯ್ಲೆಂಡಿನದಾಯಿತು. ೨೦೧೫ರಲ್ಲಿ ಡೊಮಿನಿಕನ್ ಗಣರಾಜ್ಯದಂಥ ಪುಟ್ಟ ನಾಡಿನ ಹುಡುಗಿಯರು ಕಿರಿಯರ ಜಾಗತಿಕ ಪ್ರಶಸ್ತಿಯನ್ನು ಹೊತ್ತೊಯ್ದರು. ಸಿರಿವಂತಿಕೆಯೊಂದೇ ಇಲ್ಲಿ ನಿರ್ಣಾಯಕವಲ್ಲವೆಂಬುದಕ್ಕೆ ಇಷ್ಟು ಸಾಕು.

ಇನ್ನು ನಮ್ಮ ದೇಶ. ನಾವು ತಡವಾಗಿ ಬಂದವರೇನೂ ಅಲ್ಲ. ಮದ್ರಾಸಿನಲ್ಲಿ ೧೯೨೦ರಲ್ಲಿ ಹ್ಯಾರಿ ಬಕ್ ಅವರು ಸ್ಥಾಪಿಸಿದ ವೈ.ಎಂ.ಸಿ.ಎ. ವ್ಯಾಯಾಮ ಕಾಲೇಜು ಇಂಥ ಆಟಗಳನ್ನು ಕಲಿಸುವ ಶಿಕ್ಷಕರನ್ನು ತಯಾರು ಮಾಡಿತು. ೧೯೫೧ರಲ್ಲಿ ಭಾರತದ ವಾಲಿಬಾಲ್ ಫೆಡರೇಶನ್ ಹುಟ್ಟಿತು. ೧೯೫೨ರಲ್ಲಿ ಮಾಸ್ಕೋದಲ್ಲಿ ನಡೆದ ಹೆಂಗಸರ ಮೊಟ್ಟಮೊದಲ ವಿಶ್ವ ಪಂದ್ಯಾವಳಿಯಲ್ಲಿ ಎಂಟೇ ದೇಶಗಳು. ಅವುಗಳಲ್ಲಿ ಭಾರತವೂ ಒಂದು. ಎಂಟನೆಯ ಸ್ಥಾನ ಬಂದಿತು, ನಿಜ. ಆದರೆ ಜಪಾನೂ ಕೊರಿಯವೂ ಇನ್ನೂ ಕಾಲಿಡದಿದ್ದ ಅಂಗಳದಲ್ಲಿ ನಮ್ಮ ಹೆಣ್ಣುಮಕ್ಕಳು ನಿಂತಿದ್ದರು. ಮುಂದೆ ಅವರು ಏರಿದರು; ನಾವು ನಿಂತೆವು. ನಮ್ಮ ಹುಡುಗರು ೨೦೦೩ರಲ್ಲಿ ಇದೇ ಸುಫಾನ್‌ಬುರಿಯಲ್ಲಿ ಎಳೆಯರ ವಿಶ್ವ ಪಂದ್ಯಾವಳಿಯ ಬೆಳ್ಳಿ ತಂದರು. ೨೦೦೯ರಲ್ಲಿ, ನಮ್ಮ ಧಾರವಾಡದಿಂದ ಒಂದು ರಾತ್ರಿಯ ರೈಲುದಾರಿಯಾದ ಪುಣೆಯಲ್ಲಿಯೇ ಕಿರಿಯ ಗಂಡುಮಕ್ಕಳ ಜಾಗತಿಕ ಪಂದ್ಯಾವಳಿ ನಡೆಯಿತು. ಕಿರಿಯ ಹುಡುಗಿಯರ ಪದಕಪಟ್ಟಿಯಲ್ಲಿ ಮಾತ್ರ ಭಾರತದ ಹೆಸರಿಲ್ಲ.

ಕಾರಣವನ್ನು ಗ್ರಂಥಗಳಲ್ಲಿ ಹುಡುಕುವ ಬದಲು, ಅಣ್ಣಿಗೇರಿ–ನವಲಗುಂದ ಸೀಮೆಯ ಒಂದು ಹೈಸ್ಕೂಲಿನ ಬಯಲಿಗೆ ವಾಚಕರು ನನ್ನೊಡನೆ ಬರಲಿ. ಎರೆಮಣ್ಣು ಮಳೆಗಾಲದಲ್ಲಿ ಕಾಲನ್ನು ಹಿಡಿದರೆ ಬಿಡದು. ಬೇಸಿಗೆಯಲ್ಲಿ ಬಿರಿದು ಬಾಯಿಬಿಡುವುದು. ಆದ್ದರಿಂದ ಗರಸು ಹಾಕಿ, ನೀರು ಹೊಡೆದು, ಸುಣ್ಣದ ಗೆರೆ ಎಳೆದಿದ್ದರು. ಹುಡುಗಿಯರ ತಂಡ ಚೆನ್ನಾಗಿತ್ತು. ಎಡಗೈಯವಳೊಬ್ಬಳು ಹೊಡೆದ ಚೆಂಡು ನೆಲಕ್ಕೆ ಬಿದ್ದ ಸಪ್ಪಳ ಕಾಂಪೌಂಡಿನ ಆಚೆಗೂ ಕೇಳಿಸುತ್ತಿತ್ತು. ಪಿ.ಟಿ. ಮಾಸ್ತರರನ್ನು ನಾನು ಅಭಿನಂದಿಸಿದೆ. ಅವರು ನಗಲಿಲ್ಲ. “ಎಸ್ಸೆಸ್ಸೆಲ್ಸಿ ಪರೀಕ್ಷಾ ಮುಗೀತಂದ್ರ ನಮ್ಮ ಟೀಮೂ ಮುಗೀತರೀ. ವರ್ಷಾ ಒಂದರಿಂದ ಸುರು ಮಾಡಬೇಕು,” ಎಂದರು. ಆ ಎಡಗೈಯ ಹುಡುಗಿಯನ್ನು ಮುಂದೇನೆಂದು ಕೇಳಿದೆ. “ಕಾಲೇಜಿಗೆ ಕಳಸ್ತಾರ್ರೀ. ಆಟಕ್ಕ ಕಳಸಂಗಿಲ್ಲ. ಸಂಜೀಕ ತಡಾ ಆಗ್ತತಿ ಅಂತಾರ್ರೀ,” ಎಂದಳು. ಆಕೆಯ ಮಾತಿನಲ್ಲಿ ದೂರಿನ ಸ್ವರವೂ ಇರಲಿಲ್ಲ. ಅದೇ ನನಗೆ ಹೆಚ್ಚು ನೋವಿನ ಸಂಗತಿಯಾಗಿ ಕಂಡಿತು.

ಕಾಲ ಏನೂ ಬದಲಾಗಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಹೆಣ್ಣುಮಕ್ಕಳ ರಾಷ್ಟ್ರೀಯ ಕ್ರೀಡೋತ್ಸವವನ್ನು ಸರಕಾರ ೧೯೭೫ರಲ್ಲಿ ಆರಂಭಿಸಿತು. ಮದುವೆಯ ವಯಸ್ಸಿನ ಕಾಯಿದೆ ೧೯೭೮ರಲ್ಲಿ ಬಂದಿತು. ೨೦೦೬–೦೭ರಿಂದ ನಮ್ಮ ರಾಜ್ಯದಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡತೊಡಗಿದರು. ಎರೆಹೊಲಗಳ ನಡುವಿನ ದಾರಿಗಳಲ್ಲಿ ಎರಡು ಜಡೆಯ ಹುಡುಗಿಯರು ಸಾಲುಸಾಲಾಗಿ ಸೈಕಲ್ ತುಳಿದದ್ದನ್ನು ನಾವೆಲ್ಲ ಕಂಡೆವು. ೨೦೨೩ರ ಜೂನ್ ೧೧ರಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೀಟಿನ ಹಣವಿಲ್ಲದಾಯಿತು. ಒಂದೊಂದೂ ಒಂದೊಂದು ತಡೆಯನ್ನು ಸರಿಸಿತು. ಉಳಿದಿರುವುದು ಸಂಜೆ ಐದರಿಂದ ಏಳರವರೆಗಿನ ಎರಡು ತಾಸು. ಆಟಗಾರ್ತಿ ತಯಾರಾಗುವುದು ಆ ಎರಡು ತಾಸಿನಲ್ಲಿಯೇ.

ತಾಯಿತಂದೆಗಳನ್ನಷ್ಟೇ ಜರೆದು ಪ್ರಯೋಜನವಿಲ್ಲ. “ಆಡಿ ಏನು ಸಿಗುವುದು?” ಎಂಬ ಅವರ ಪ್ರಶ್ನೆ ನ್ಯಾಯವಾದದ್ದು. ಕೇರಳ ಅದಕ್ಕೆ ಉತ್ತರ ಕೊಟ್ಟಿತು. ೧೯೭೫ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಕೆ.ಸಿ. ಏಲಮ್ಮ ಅವರಿಂದ ಮೊದಲುಗೊಂಡು ಅಲ್ಲಿಂದ ಆಟಗಾರ್ತಿಯರ ಸಾಲೇ ಬಂದಿತು. ಅಲ್ಲಿನ ವಿದ್ಯುತ್ ಮಂಡಳಿಯೂ ರೈಲ್ವೆಯೂ ಆಡುವ ಹುಡುಗಿಯರಿಗೆ ನೌಕರಿ ಕೊಟ್ಟವು. ನೌಕರಿಯ ಆಸೆಯಿದ್ದಲ್ಲಿ ಮದುವೆಯ ಅವಸರ ತಾನಾಗಿ ತಗ್ಗುತ್ತದೆ. ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ೨೦೦೩ರಿಂದ ನಮ್ಮ ಹುಬ್ಬಳ್ಳಿಯಲ್ಲಿಯೇ ಇದೆ. ಆಟದ ಆಧಾರದ ಮೇಲೆ ರೈಲ್ವೆಯಲ್ಲಿ ನೌಕರಿ ದೊರೆಯುವುದೆಂಬ ಮಾತು ಕಲಘಟಗಿಯ ಹಳ್ಳಿಯ ಎಷ್ಟು ಮನೆಗಳಿಗೆ ತಲುಪಿದೆ?

ಹೆಣ್ಣುಮಗಳು ವಿದ್ಯೆಗಾಗಿ ಊರು ಬಿಟ್ಟು ಹೋಗಿ ಕತ್ತಲಾದ ಮೇಲೆ ಮನೆಗೆ ಮರಳುವುದು ಈ ನೆಲಕ್ಕೆ ಹೊಸದಲ್ಲ. ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. ಆಡಿಕೊಂಡವರು ಆಡಿಕೊಂಡರು, ಮುಂದೆ ಅದೇ ಜನ ಅವರ ಹಾಡಿಗೆ ತಲೆದೂಗಿದರು. ಕಲಘಟಗಿಯ ಬಣ್ಣದ ತೊಟ್ಟಿಲು ನಾಡಿಗೆಲ್ಲ ಹೆಸರಾದದ್ದು. ಮನೆಗೆ ಅದು ಬರಲಿ, ಯಾರು ಬೇಡವೆಂದರು? ಐದು ವರ್ಷ ತಡವಾಗಿ ಬಂದರೆ ಅದರ ಬಣ್ಣವೇನೂ ಮಾಸುವುದಿಲ್ಲ.

ತಾಲೂಕಿಗೊಂದು ಕಾಲೇಜಿನ ಬಯಲಿನಲ್ಲಿ ಸಂಜೆಯ ದೀಪ, ಆಟ ಕಲಿಸಲು ಒಬ್ಬ ಶಿಕ್ಷಕಿ, ಆಟ ಮುಗಿದ ಮೇಲೆ ಹಳ್ಳಿಗೆ ಹೋಗುವ ಒಂದು ಬಸ್ಸು: ಇಷ್ಟನ್ನು ಒದಗಿಸುವುದು ಜಿಲ್ಲೆಯ ಹಿರಿಯರಿಗೂ ಅಧಿಕಾರಿಗಳಿಗೂ ಮೀರಿದ ಕೆಲಸವಲ್ಲ. ಒದಗಿಸಿದರೆ ಜಾಗತಿಕ ಪದಕ ಬಂದೇ ಬರುವುದೆಂದು ನಾನು ಭರವಸೆ ಕೊಡಲಾರೆ. ಆ ಮಾಸ್ತರರು ಮುಂದಿನ ಜೂನ್ ತಿಂಗಳಲ್ಲಿ ಮತ್ತೆ ಒಂದರಿಂದ ಸುರು ಮಾಡಬೇಕಾಗುವುದಿಲ್ಲ ಎಂದು ಮಾತ್ರ ಹೇಳಬಲ್ಲೆ.