ಗುಬ್ಬಿಯ ಅಜ್ಜ, ಕಳ್ಳನ ವೇಷದ ಮೊಮ್ಮಗಳು



ನವೆಂಬರ್ 22ರಂದು ಧರ್ಮಸಭೆ ಸಂತ ಸಿಸಿಲಿಯಾರವರ ಹಬ್ಬವನ್ನು ಆಚರಿಸುತ್ತದೆ. ಸಂಗೀತಗಾರರ ಪಾಲಕ ಸಂತರೆಂದು ನಾವು ಅವರನ್ನು ಸ್ಮರಿಸುತ್ತೇವೆ. ಜುಲೈ 26ರಂದು ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬ. ಅವರು ಯೇಸುಸ್ವಾಮಿಯ ಅಜ್ಜ ಅಜ್ಜಿ. ಪೋಪ್ ಫ್ರಾನ್ಸಿಸ್‌ರವರು 2021ರಲ್ಲಿ ಆ ಹಬ್ಬದ ಆಸುಪಾಸಿನ ಭಾನುವಾರವನ್ನು, ಅಂದರೆ ಜುಲೈನ ನಾಲ್ಕನೆಯ ಭಾನುವಾರವನ್ನು, ಅಜ್ಜ ಅಜ್ಜಿಯರ ಹಾಗೂ ಹಿರಿಯರ ದಿನವೆಂದು ಸಾರಿದರು. ಒಂದು ಹಬ್ಬ ಹಾಡಿನದು, ಇನ್ನೊಂದು ಅಜ್ಜ ಅಜ್ಜಿಯರದು. ಪಂಚಾಂಗದಲ್ಲಿ ಅವುಗಳ ನಡುವೆ ನಾಲ್ಕು ತಿಂಗಳ ಅಂತರವಿದೆ. ಆದರೆ ತುಮಕೂರು ಸೀಮೆಯಲ್ಲಿ ಸೇವೆ ಮಾಡುವ ನನಗೆ ಅವೆರಡೂ ಒಂದೇ ಊರಿನಲ್ಲಿ ಸೇರಿದಂತೆ ಕಾಣುತ್ತವೆ. ಆ ಊರು ಗುಬ್ಬಿ.

ತುಮಕೂರಿನಿಂದ ಗುಬ್ಬಿಗೆ ಸುಮಾರು 20 ಕಿಲೋಮೀಟರ್. ಬಸ್ಸಿನಲ್ಲಿ ಹೋಗುವವರಿಗೆ ತೆಂಗು, ಅಡಿಕೆ ತೋಟಗಳು ಕಾಣುತ್ತವೆ, ಅಷ್ಟೆ. ಆದರೆ ಒಂದು ಕಾಲಕ್ಕೆ ಈ ಚಿಕ್ಕ ಊರಿನ ಹೆಸರನ್ನು ದಕ್ಷಿಣ ಭಾರತದ ದೊಡ್ಡ ದೊಡ್ಡ ಪಟ್ಟಣಗಳ ಗೋಡೆಗಳ ಮೇಲೆ ಓದಬಹುದಾಗಿತ್ತು. 1884ರಲ್ಲಿ ಚಂದಣ್ಣ ಎಂಬುವರು ಗೆಳೆಯರೊಂದಿಗೆ ಇಲ್ಲಿ ಒಂದು ನಾಟಕ ಮಂಡಳಿ ಕಟ್ಟಿದರು. ಊರ ದೇವರ ಹೆಸರನ್ನೇ ಅದಕ್ಕಿಟ್ಟರು: ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ. 1891ರಲ್ಲಿ ಹುಟ್ಟಿದ ವೀರಣ್ಣ ಚಿಕ್ಕ ಹುಡುಗನಾಗಿದ್ದಾಗಲೇ ಅದನ್ನು ಸೇರಿದರು. 1917ರ ಹೊತ್ತಿಗೆ ಅದರ ಯಜಮಾನರಾದರು. ಕಂಪನಿ ನಾಟಕದವರು ಮಾಲೀಕರನ್ನು ಯಜಮಾನರು ಎಂದೇ ಕರೆಯುತ್ತಿದ್ದರು. ಆ ಮಾತಿನಲ್ಲಿ ಸಂಬಳ ಕೊಡುವವರು ಎಂಬುದಕ್ಕಿಂತ ಮನೆಯ ಹಿರಿಯರು ಎಂಬ ಅರ್ಥವೇ ಹೆಚ್ಚಾಗಿತ್ತು.

‘ಕುರುಕ್ಷೇತ್ರ’ ನಾಟಕಕ್ಕೆ ಅವರು ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನು ತಂದದ್ದನ್ನು ಹಳಬರು ಈಗಲೂ ಹೇಳುತ್ತಾರೆ. ಆನೆಯ ಕಥೆ ಎಲ್ಲರಿಗೂ ಗೊತ್ತು, ಅದಿರಲಿ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಅವರ ಇನ್ನೊಂದು ನಾಟಕ, ‘ಸದಾರಮೆ’. ಅದನ್ನು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು, ನಮ್ಮ ತುಮಕೂರು ತಾಲ್ಲೂಕಿನ ಊರೊಂದರ ಹೆಸರನ್ನು ತಮ್ಮ ಹೆಸರಿನ ಮುಂದೆ ಹೊತ್ತವರು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ ಬರೆದವರೂ ಅವರೇ. ‘ಸದಾರಮೆ’ಯಲ್ಲಿ ರಾಜಕುಮಾರನಿದ್ದಾನೆ, ರಾಣಿಯಿದ್ದಾಳೆ. ಆದರೆ ಜನ ಕಾಯುತ್ತಿದ್ದುದು ಒಬ್ಬ ಕಳ್ಳನಿಗಾಗಿ. ಆ ಕಳ್ಳನ ಪಾತ್ರವನ್ನು ಮಾಡುತ್ತಿದ್ದವರು ವೀರಣ್ಣನವರೇ. ಕಂಪನಿಯ ಯಜಮಾನ ರಾಜನ ಕಿರೀಟ ಬಿಟ್ಟು ಕಳ್ಳನ ವೇಷ ಹಾಕಿ ಜನರನ್ನು ನಗಿಸಿದರು. ಈ ಕಳ್ಳನನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತಾನೆ.

ಕಂಪನಿ ನಾಟಕವೆಂದರೆ ಹಾಡು. ಮಾತಿಗಿಂತ ಹಾಡೇ ಹೆಚ್ಚು. ಮೈಕು ಇಲ್ಲದ ಕಾಲ; ಕೊನೆಯ ಸಾಲಿನ ನೆಲದ ಮೇಲೆ ಕುಳಿತವನಿಗೂ ಕೇಳುವಂತೆ ಏರುದನಿಯಲ್ಲಿ ಹಾಡಬೇಕು. ರಂಗದ ಮುಂಭಾಗದಲ್ಲಿ ಹಾರ್ಮೋನಿಯಂ ಮಾಸ್ತರು ಕಾಲಪೆಟ್ಟಿಗೆ ತುಳಿಯುತ್ತ ಕುಳಿತಿರುತ್ತಿದ್ದರು, ಪಕ್ಕದಲ್ಲಿ ತಬಲ. ಜನಕ್ಕೆ ಹಾಡು ಹಿಡಿಸಿದರೆ ‘ವನ್ಸ್ ಮೋರ್’ ಎಂದು ಕೂಗುವರು. ಸತ್ತುಬಿದ್ದ ಪಾತ್ರವೂ ಎದ್ದು ಇನ್ನೊಮ್ಮೆ ಹಾಡಿ ಮತ್ತೆ ಸಾಯುತ್ತಿತ್ತು ಎಂದು ತಮಾಷೆಗೆ ಹೇಳುವುದುಂಟು.

ಹಾರ್ಮೋನಿಯಂ ಬಗ್ಗೆ ಇಲ್ಲೇ ಒಂದು ಮಾತು. ನಮ್ಮ ಅನೇಕ ದೇವಾಲಯಗಳಲ್ಲಿ ಗಾನವೃಂದದ ಬಳಿ ಇರುವ ಪೆಟ್ಟಿಗೆ ಮತ್ತು ಗುಬ್ಬಿ ಕಂಪನಿಯ ಪೆಟ್ಟಿಗೆ ಒಂದೇ ತಾಯಿಯ ಮಕ್ಕಳು. 1842ರಲ್ಲಿ ಪ್ಯಾರಿಸ್ಸಿನಲ್ಲಿ ಅಲೆಕ್ಸಾಂಡರ್ ದೆಬೈನ್ ಎಂಬಾತ ಹಾರ್ಮೋನಿಯಂಗೆ ಪೇಟೆಂಟ್ ಪಡೆದ. ಹಡಗು ಹತ್ತಿ ನಮ್ಮ ದೇಶಕ್ಕೆ ಬಂದ ಮೇಲೆ ಅದು ಒಂದು ಕಡೆ ಆರಾಧನೆಗೂ ಇನ್ನೊಂದು ಕಡೆ ನಾಟಕಕ್ಕೂ ಸೇರಿಕೊಂಡಿತು. ಆಕಾಶವಾಣಿಯವರು 1940ರಿಂದ ಸುಮಾರು ಮೂವತ್ತು ವರ್ಷ ಅದನ್ನು ಒಳಗೆ ಬಿಡಲಿಲ್ಲ; ನಮ್ಮ ಸಂಗೀತದ ಗಮಕಗಳು ಅದರಲ್ಲಿ ನುಡಿಯುವುದಿಲ್ಲ ಎಂಬುದು ವಾದ. ಪಂಡಿತರ ವಾದ ಏನೇ ಇರಲಿ, ಹಳ್ಳಿಯ ಮಕ್ಕಳು ಸ್ವರ ಹಿಡಿದದ್ದು ಆ ಪೆಟ್ಟಿಗೆಯ ಮುಂದೆಯೇ.

ಕಂಪನಿಯ ಮಕ್ಕಳಿಗೆ ಸಂಗೀತವನ್ನು ‘ಕಲಿಸುವ’ ಪ್ರತ್ಯೇಕ ಗಂಟೆ ಎಂಬುದು ಕಡಿಮೆ. ಕಂಪನಿ ಒಂದು ಊರಿನಲ್ಲಿ ತಿಂಗಳುಗಟ್ಟಲೆ ಬಿಡಾರ ಹೂಡುತ್ತಿತ್ತು. ಗಂಡ, ಹೆಂಡತಿ, ಅಣ್ಣ, ತಂಗಿ, ಸೋದರಮಾವ, ಎಲ್ಲರೂ ಒಂದೇ ಕಡೆ ಇರುವರು, ಒಂದೇ ಒಲೆಯಲ್ಲಿ ಬೇಯಿಸಿದ್ದನ್ನು ಉಣ್ಣುವರು. ಹಗಲು ತಾಲೀಮು, ರಾತ್ರಿ ನಾಟಕ. ಮಗು ಪರದೆಯ ಪಕ್ಕದಲ್ಲಿ ನಿದ್ದೆ ಮಾಡುತ್ತಿದ್ದರೂ ಹಾಡು ಕಿವಿಗೆ ಬೀಳುತ್ತಲೇ ಇರುತ್ತಿತ್ತು. ಪ್ರಹ್ಲಾದನೋ ಲೋಹಿತಾಶ್ವನೋ ಬೇಕಾದ ದಿನ ಆ ಮಗುವಿಗೇ ಬಣ್ಣ ಹಚ್ಚಿ ನಿಲ್ಲಿಸಿದರೆ ಆಯಿತು. ಹಾಡು ಆಗಲೇ ಬಾಯಿಗೆ ಬಂದಿರುತ್ತಿತ್ತು.

ಹಾಗೆ ಬೆಳೆದವರಲ್ಲಿ ಎಲ್ಲರಿಗೂ ಗೊತ್ತಿರುವವರು ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಕ್ಕಳು. ಹಿರಣ್ಯಕಶಿಪು, ರಾವಣನಂತಹ ಪಾತ್ರಗಳಿಗೆ ಹೆಸರಾಗಿದ್ದ ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರು. 1929ರಲ್ಲಿ ಗಾಜನೂರಿನಲ್ಲಿ ಹುಟ್ಟಿದ ಮಗ ಮುತ್ತುರಾಜ, ಅವನ ತಮ್ಮ ವರದರಾಜ, ತಂಗಿ ಶಾರದಮ್ಮ, ಮೂವರೂ ಕಂಪನಿಯ ಅಂಗಳದಲ್ಲೇ ಆಡಿ ಬೆಳೆದರು. 1954ರಲ್ಲಿ ‘ಬೇಡರ ಕಣ್ಣಪ್ಪ’ ಚಿತ್ರದಿಂದ ಮುತ್ತುರಾಜ ರಾಜ್‌ಕುಮಾರ್ ಆದರು. ಮುಂದೆ ಎಷ್ಟೋ ವರ್ಷ ಅವರಿಗೆ ಪಿ.ಬಿ. ಶ್ರೀನಿವಾಸ್ ಹಾಡಿದರು. 1974ರ ‘ಸಂಪತ್ತಿಗೆ ಸವಾಲ್’ ನಂತರ ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದಾಗ ಸಿನಿಮಾದವರು ಬೆರಗಾದರು. ಕಂಪನಿ ನಾಟಕ ನೋಡಿದ್ದವರಿಗೆ ಅದೇನೂ ಬೆರಗಿನ ವಿಷಯವಾಗಿರಲಿಲ್ಲ. ಕಂಪನಿಯ ನಟನಿಗೆ ಹಾಡು ಬಾರದೆ ಇರುತ್ತದೆಯೇ? ‘ಜೀವನ ಚೈತ್ರ’ದ ಹಾಡಿಗೆ ಅವರಿಗೆ ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿಯೂ ಬಂತು. ಅವರ ಮೂವರು ಗಂಡುಮಕ್ಕಳೂ ಹಾಡಿದರು. ಕಿರಿಯವರಾದ ಪುನೀತ್ ಮಗುವಾಗಿದ್ದಾಗ ‘ಭಾಗ್ಯವಂತ’ ಚಿತ್ರಕ್ಕೆ ಹಾಡಿದ ದನಿಯನ್ನು, 2021ರ ಅಕ್ಟೋಬರ್ 29ರಂದು ಅವರು ತೀರಿಕೊಂಡ ಮೇಲೆ, ನಾಡಿನ ಮನೆಮನೆಗಳಲ್ಲಿ ಮತ್ತೆ ಹಾಕಿ ಕೇಳಿ ಜನ ಕಣ್ಣೀರು ಹಾಕಿದರು. ಗಾಜನೂರಿನ ಒಬ್ಬ ಬಡ ನಟನ ಗಂಟಲು ಮೂರು ತಲೆಮಾರು ದಾಟಿತ್ತು.

ಇದನ್ನೆಲ್ಲ ಬರೀ ಸಿಹಿಯಾಗಿ ಹೇಳಿದರೆ ಸುಳ್ಳಾಗುತ್ತದೆ. ಊರೂರು ತಿರುಗುವ ಕಂಪನಿಯ ಮಕ್ಕಳಿಗೆ ಶಾಲೆ ದಕ್ಕುತ್ತಿರಲಿಲ್ಲ. ರಾಜ್‌ಕುಮಾರ್ ಅವರ ಓದು ಪ್ರಾಥಮಿಕ ಶಾಲೆಯಲ್ಲೇ ನಿಂತಿತು. ಹೆಣ್ಣುಮಕ್ಕಳ ಕಷ್ಟ ಇನ್ನೂ ದೊಡ್ಡದು. ಗಂಡಸರೇ ಸೀರೆಯುಟ್ಟು ಸ್ತ್ರೀಪಾತ್ರ ಮಾಡುತ್ತಿದ್ದ ಕಾಲದಲ್ಲಿ ವೀರಣ್ಣನವರು ಹೆಣ್ಣುಮಕ್ಕಳನ್ನು ರಂಗಕ್ಕೆ ಕರೆತಂದರು. ಬಿ. ಜಯಮ್ಮ, ಬಿ. ಸುಂದರಮ್ಮನಂತಹ ಹಾಡುಗಾರ್ತಿಯರು ಕಂಪನಿಗೆ ಹೆಸರು ತಂದರು. ರಾತ್ರಿ ಟಿಕೆಟ್ ಕೊಂಡು ಹಾಡು ಕೇಳಿ ‘ವನ್ಸ್ ಮೋರ್’ ಎಂದವರೇ ಬೆಳಗಾದರೆ ನಾಟಕದ ಹೆಣ್ಣೆಂದು ಮೂಗು ಮುರಿಯುತ್ತಿದ್ದರು. ಹಾಡನ್ನು ಪ್ರೀತಿಸಿ ಹಾಡುವವರನ್ನು ಹೀಗಳೆಯುವ ಈ ಗುಣ ಆ ಕಾಲಕ್ಕೇ ಮುಗಿಯಿತೆಂದು ನನಗೆ ಅನ್ನಿಸುವುದಿಲ್ಲ.

ಇನ್ನೊಂದು ಕಥೆ ರಕ್ತಸಂಬಂಧವೇ ಇಲ್ಲದ ಮಗನದು. ಬಂಟ್ವಾಳ ತಾಲ್ಲೂಕಿನ ಮಂಚಿಯ ಹುಡುಗನೊಬ್ಬ ನಾಟಕದ ಹುಚ್ಚಿನಿಂದ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ಕಂಪನಿ ಸೇರಿದ. ಅವನೇ ಮುಂದೆ ಬಿ.ವಿ. ಕಾರಂತರಾದದ್ದು. ಓಡಿಬಂದ ಹುಡುಗನಿಂದ ದುಡಿಸಿಕೊಳ್ಳುವುದು ಯಾವ ಯಜಮಾನನಿಗೂ ಸುಲಭ. ವೀರಣ್ಣನವರು ಹಾಗೆ ಮಾಡಲಿಲ್ಲ. ಓದಿ ಬಾ ಎಂದು ಅವನನ್ನು ಬನಾರಸ್‌ಗೆ ಕಳಿಸಿದರು. ಅಲ್ಲಿ ಕಾರಂತರು ಎಂ.ಎ. ಮಾಡಿದ್ದಲ್ಲದೆ ಓಂಕಾರನಾಥ ಠಾಕೂರರಂತಹ ಮಹಾನ್ ಗಾಯಕರಲ್ಲಿ ಹಿಂದೂಸ್ತಾನಿ ಸಂಗೀತ ಕಲಿತರು. ಕಂಪನಿಯ ಮಕ್ಕಳಿಗೆ ದಕ್ಕದ ಓದು ಈ ಹುಡುಗನಿಗೆ ದಕ್ಕಿತು, ಅದೂ ಕಂಪನಿಯ ಯಜಮಾನರ ಕೈಯಿಂದ. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ, ಭೋಪಾಲದ ಭಾರತ ಭವನ, 1989ರಲ್ಲಿ ಮೈಸೂರಿನ ರಂಗಾಯಣ ಎಂದು ಕಾರಂತರು ಹೋದಲ್ಲೆಲ್ಲ ನಾಟಕಕ್ಕೆ ಹಾಡು ಮರಳಿ ಬಂತು. ತಗಡು, ಕೋಲು, ಗಾಳಿಯ ಸದ್ದು, ಎಲ್ಲವನ್ನೂ ಅವರು ಸಂಗೀತ ಮಾಡಿಕೊಂಡರು. ಪತ್ನಿ ಪ್ರೇಮಾ ಕಾರಂತರು 1979ರಲ್ಲಿ ಬೆನಕ ಮಕ್ಕಳ ನಾಟಕ ಕೇಂದ್ರ ಆರಂಭಿಸಿದರು. ಎಷ್ಟೋ ಮಕ್ಕಳು ಅಲ್ಲಿ ಹಾಡುತ್ತ ಕುಣಿಯುತ್ತ ಬೆಳೆದರು. ಹೊಟ್ಟೆಯಲ್ಲಿ ಹುಟ್ಟಿದವರಿಗಷ್ಟೇ ಆಸ್ತಿ ಎಂದು ವೀರಣ್ಣನವರು ಲೆಕ್ಕ ಹಾಕಿದ್ದರೆ ಇದರಲ್ಲಿ ಎಷ್ಟು ನಡೆಯುತ್ತಿತ್ತೋ!

ಗುಬ್ಬಿಯದು ರಂಗದ ಹಾಡು. ಕುಣಿಗಲ್ಲಿನದು ಬೇರೆ. ಕುಣಿಗಲ್ ಕೆರೆಯ ಮೇಲಿನ ಜನಪದ ಹಾಡನ್ನು ಕೇಳದ ಕನ್ನಡಿಗರಿಲ್ಲ. ಕೆರೆಯ ಅಂದ, ಅದರ ಮೇಲೆ ಮೂಡಿಬರುವ ಚಂದ್ರ, ಇಷ್ಟನ್ನೇ ಕಣ್ಣಿಗೆ ಕಟ್ಟಿಕೊಡುವ ಹಾಡು ಅದು. ಬರೆದವರು ಯಾರೆಂದು ಕೇಳಿದರೆ ಹೆಸರಿಲ್ಲ. ಹೆಸರಿಲ್ಲದೆಯೂ ಅದು ಉಳಿದದ್ದು ಹೇಗೆ? ಬೀಸುವಾಗ, ನಾಟಿ ಮಾಡುವಾಗ, ಮಗು ಮಲಗಿಸುವಾಗ ಒಬ್ಬರು ಹಾಡಿದರು, ಪಕ್ಕದಲ್ಲಿದ್ದ ಕಿರಿಯರು ಹಿಂದೆ ಹಾಡಿದರು. ಇಂತಹ ಹಾಡುಗಳಿಗೆ ಕಂಪನಿಯಿಲ್ಲ, ಟಿಕೆಟ್ಟಿಲ್ಲ, ಯಜಮಾನರಿಲ್ಲ. ಒಂದೇ ಒಂದು ತಲೆಮಾರು ಬಾಯಿ ಮುಚ್ಚಿದರೆ ಅಲ್ಲಿಗೆ ಮುಗಿಯಿತು. ಈಗ ಶಾಲಾ ವಾರ್ಷಿಕೋತ್ಸವದಲ್ಲಿ ಧ್ವನಿವರ್ಧಕದಲ್ಲಿ ಹಾಕಿದ ಹಾಡಿಗೆ ಮಕ್ಕಳು ಹೆಜ್ಜೆ ಹಾಕುತ್ತಾರೆ. ನೋಡಲು ಚೆಂದವೇ. ಆದರೆ ಹಾಡುತ್ತಿರುವುದು ಪೆಟ್ಟಿಗೆ, ಮಗುವಲ್ಲ.

ನಮ್ಮ ದೇವಾಲಯಗಳ ಕಥೆಯೂ ಇದಕ್ಕಿಂತ ದೂರವಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ದೈವಾರಾಧನೆಯ ಬಗ್ಗೆ ಹೊರಡಿಸಿದ ಶಾಸನ ಜನರ ನುಡಿಗೂ ಜನರ ಸಂಗೀತಕ್ಕೂ ಬಾಗಿಲು ತೆರೆಯಿತು. ಕನ್ನಡದಲ್ಲಿ ಬಲಿಪೂಜೆ ಬಂತು, ಕನ್ನಡದ ರಾಗಗಳಲ್ಲಿ ಹಾಡುಗಳು ಬಂದವು. ಆ ಮೊದಲ ಹಾಡುಗಳನ್ನು ಹಾಡಿದ ತರುಣ ತರುಣಿಯರು ಈಗ ನಮ್ಮ ಧರ್ಮಕೇಂದ್ರಗಳ ಅಜ್ಜ ಅಜ್ಜಿಯರು. ಅವರಲ್ಲಿ ಕೆಲವರಿಗೆ ಲತೀನ್ ಹಾಡೂ ಬಾಯಿಪಾಠ, ಕನ್ನಡದ್ದೂ ಬಾಯಿಪಾಠ. ‘ಫಾದರ್, ಮಗುವನ್ನು ಯಾವ ಸಂಗೀತದ ಕ್ಲಾಸಿಗೆ ಸೇರಿಸೋಣ?’ ಎಂದು ತಂದೆತಾಯಿಗಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆಯೇ, ಕ್ಲಾಸೂ ಬೇಕು. ನಾನು ಮಾತ್ರ ಮೊದಲು ಇಷ್ಟು ಕೇಳುತ್ತೇನೆ: ಮನೆಯಲ್ಲಿ ಯಾರು ಹಾಡುತ್ತಾರೆ? ಹೆಚ್ಚಿನವರು ನಗುತ್ತಾರೆ. ಒಬ್ಬ ತಾಯಿ ಮಾತ್ರ, ‘ನಮ್ಮತ್ತೆ ಅಡುಗೆಮನೆಯಲ್ಲಿ ಹಾಡ್ತಾ ಇರ್ತಾರೆ, ಟಿ.ವಿ. ಸದ್ದಿಗೆ ಕೇಳ್ಸಲ್ಲ’ ಎಂದರು.

ವೀರಣ್ಣನವರ ಕಂಪನಿಗೂ ಅಂತಹದೇ ಒಂದು ಸದ್ದು ಎದುರಾಯಿತು. 1934ರಲ್ಲಿ ಕನ್ನಡ ಮಾತನಾಡುವ ಸಿನಿಮಾ ಬಂತು. ವೀರಣ್ಣನವರು ಅದನ್ನು ದೂರದೆ ತಾವೂ ಸಿನಿಮಾಗಳನ್ನು ತೆಗೆದರು. ಆದರೂ ಟೆಂಟಿನ ನಾಟಕದ ಕಾಲ ಇಳಿಯುತ್ತ ಹೋಯಿತು. 1972ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ಕಂಪನಿಯ ಹಾಡುಗಳೂ ಅವರೊಂದಿಗೆ ಹೋದವೆಂದೇ ಎಷ್ಟೋ ಜನ ಅಂದುಕೊಂಡಿರಬೇಕು.

ಅವರ ಮಗಳು ಮಾಲತಮ್ಮನವರಿಗೆ ಒಬ್ಬ ಮಗಳಿದ್ದಳು. 1950ರಲ್ಲಿ ಹುಟ್ಟಿದ ಆ ಹುಡುಗಿ ಶಾಲೆಯ ವಯಸ್ಸಿಗೆ ಮುಂಚೆಯೇ ಅಜ್ಜನ ಕಂಪನಿಯಲ್ಲಿ ಬಣ್ಣ ಹಚ್ಚಿದ್ದಳು. ಅಜ್ಜ ತೀರಿಕೊಂಡ ಮರುವರ್ಷ, 1973ರಲ್ಲಿ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಿಂದ ಆಕೆ ಪದವಿ ಪಡೆದರು. ಅವರೇ ಬಿ. ಜಯಶ್ರೀ. ದೊಡ್ಡ ಶಾಲೆಯಲ್ಲಿ ಕಲಿತು ಬಂದ ಮೇಲೆ ಕಂಪನಿ ನಾಟಕವೆಂದರೆ ಹಳೆಯ ಕಾಲದ್ದೆಂದು ಬದಿಗೆ ಸರಿಸಬಹುದಿತ್ತು. ಆ ದಿನಗಳ ವಿದ್ಯಾವಂತರಲ್ಲಿ ಅಂತಹ ಮಾತು ನಡೆಯುತ್ತಲೂ ಇತ್ತು. ಜಯಶ್ರೀಯವರು 1976ರಲ್ಲಿ ‘ಸ್ಪಂದನ’ ಎಂಬ ತಂಡ ಕಟ್ಟಿದರು. ಅಜ್ಜನ ಮನೆಯ ರಂಗಗೀತೆಗಳನ್ನು ಹೆಕ್ಕಿ ತಂದರು, ಕಾರಂತರ ಸಂಗೀತವನ್ನೂ ಹಾಡಿದರು. ಊರೂರಿನ ಹುಡುಗ ಹುಡುಗಿಯರ ಎದುರು ಕುಳಿತು ಆ ಹಾಡುಗಳನ್ನು ಹೇಳಿಕೊಟ್ಟರು. ಮೈಕಿಲ್ಲದ ಕಾಲದ ಗಂಟಲು ಹೇಗಿರುತ್ತಿತ್ತೆಂದು ತಿಳಿಯಬೇಕಾದರೆ ಅವರ ಹಾಡು ಕೇಳಬೇಕು. 2010ರಲ್ಲಿ ಅವರು ರಾಜ್ಯಸಭೆಗೆ ನಾಮಕರಣಗೊಂಡರು, 2013ರಲ್ಲಿ ಅಜ್ಜನಂತೆ ಅವರಿಗೂ ಪದ್ಮಶ್ರೀ ಬಂತು.

‘ಸದಾರಮೆ’ಯನ್ನೂ ಅವರು ಮತ್ತೆ ರಂಗಕ್ಕೆ ತಂದರು. ಗಂಡಸರು ಸೀರೆಯುಟ್ಟು ಹೆಣ್ಣಾಗುತ್ತಿದ್ದ ಪರಂಪರೆಯ ಮನೆಯಲ್ಲಿ ಹುಟ್ಟಿದ ಈ ಮೊಮ್ಮಗಳು ತಮಗಾಗಿ ರಾಣಿಯ ಪಾತ್ರವನ್ನು ಇಟ್ಟುಕೊಳ್ಳಲಿಲ್ಲ. ಅಜ್ಜ ಮಾಡುತ್ತಿದ್ದ ಕಳ್ಳನ ವೇಷ ಹಾಕಿಕೊಂಡು ರಂಗಕ್ಕೆ ಬಂದರು, ಹಾಡಿದರು, ಜನರನ್ನು ನಗಿಸಿದರು. ನಮ್ಮ ತುಮಕೂರು ನಗರದಲ್ಲಿ ಆ ಅಜ್ಜನ ಹೆಸರಿನ ಕಲಾಕ್ಷೇತ್ರವಿದೆ. ಕಲ್ಲು ಗಾರೆಯಿಂದ ಕಟ್ಟಿದ ಸ್ಮಾರಕ ಅದು. ಗುಬ್ಬಿ ವೀರಣ್ಣನವರು ಯಾವುದನ್ನು ಹೆಚ್ಚು ಇಷ್ಟಪಡುತ್ತಿದ್ದರೆಂದು ಕೇಳಿದರೆ, ಅವರು ಮೊದಲು ಕಳ್ಳನ ಕಡೆಗೇ ತಿರುಗಿ ನೋಡುತ್ತಿದ್ದರು ಎಂದು ನನ್ನ ಊಹೆ.