ಗಣಿತಸಾರಸಂಗ್ರಹದ ಹಾರಸಂಖ್ಯೆಗಳು

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ (ಕ್ರಿ.ಶ. 814–878) ಕಾಲದಲ್ಲಿ ಮಹಾವೀರಾಚಾರ್ಯನು ರಚಿಸಿದ ಸಂಸ್ಕೃತ ಕೃತಿ ಗಣಿತಸಾರಸಂಗ್ರಹ. ಎಂ. ರಂಗಾಚಾರ್ಯರು ಇದನ್ನು ಸಂಪಾದಿಸಿ 1912ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳನ್ನು ಹೆಸರಿಸುವ ಈ ಗ್ರಂಥದ ಗುಣಾಕಾರ ಭಾಗದಲ್ಲಿ, ಗುಣಲಬ್ಧವು ಕೊರಳಹಾರದಂತೆ ಎರಡು ತುದಿಗಳಿಂದಲೂ ಒಂದೇ ಬಗೆಯಾಗಿ ಕಾಣುವ ಲೆಕ್ಕಗಳಿವೆ. 12345679ನ್ನು 9ರಿಂದ ಗುಣಿಸಿದರೆ 111111111. 142857143ನ್ನು 7ರಿಂದ ಗುಣಿಸಿದರೆ 1000000001. ಸೊನ್ನೆಗೆ ಸ್ಥಾನವಿಲ್ಲದ ಪದ್ಧತಿಯಲ್ಲಿ ಈ ಎರಡನೆಯ ಹಾರವನ್ನು ಪೋಣಿಸುವುದೇ ಅಸಾಧ್ಯ.

ಇವುಗಳಲ್ಲಿ ಹೆಚ್ಚಿನ ವಿಚಾರಕ್ಕೆ ಅರ್ಹವಾದುದು 27994681 × 441 = 12345654321. ಈ ಲಬ್ಧವು 111111ರ ವರ್ಗ. 111111ರ ಅವಿಭಾಜ್ಯ ಅಪವರ್ತನಗಳು 3, 7, 11, 13 ಮತ್ತು 37. ಮೊದಲೆರಡರ ಗುಣಲಬ್ಧ 21, ಉಳಿದ ಮೂರರದು 5291. ಗುಣಕವಾದ 441 ಮೊದಲನೆಯದರ ವರ್ಗ. ಗುಣ್ಯವಾದ 27994681 ಎರಡನೆಯದರ ವರ್ಗ. ಇದನ್ನು ಆಕಸ್ಮಿಕವೆನ್ನಲಾಗದು, ಆಚಾರ್ಯನು ಲಬ್ಧವನ್ನು ಮೊದಲು ನಿಶ್ಚಯಿಸಿ ಗುಣ್ಯ-ಗುಣಕಗಳನ್ನು ಅನಂತರ ಪಡೆದಿರಬೇಕು. ಆದರೆ ಇಷ್ಟರಿಂದಲೇ ಅವಿಭಾಜ್ಯ ಅಪವರ್ತನಗಳ ಸಿದ್ಧಾಂತವನ್ನು ಆತನಿಗೆ ಆರೋಪಿಸುವುದು ಅಭಿಮಾನದ ಮಾತಾದೀತು. 111111ನ್ನು 21ರಿಂದ ಭಾಗಿಸಿ ನೋಡಿದ್ದರೂ ಈ ಲೆಕ್ಕ ಹೊರಡುತ್ತಿತ್ತು. ಮೇಲಾಗಿ ಇದು ಬರುವುದು ವರ್ಗಪ್ರಕರಣದಲ್ಲಲ್ಲ. ಇದಕ್ಕಿಂತ ಗಟ್ಟಿಯಾದ ಆಧಾರ ಭಿನ್ನರಾಶಿಗಳ ಪ್ರಕರಣದಲ್ಲಿದೆ. ಛೇದಗಳನ್ನು ಸಮಗೊಳಿಸಲು ಅಲ್ಲಿ ಹೇಳಿರುವ ‘ನಿರುದ್ಧ’ವು ಲಘುತಮ ಸಾಮಾನ್ಯ ಅಪವರ್ತ್ಯವೇ ಆಗಿದ್ದು, ಅದನ್ನು ಪಡೆಯುವಲ್ಲಿ ಸಾಮಾನ್ಯ ಅಪವರ್ತನಗಳ ಬಳಕೆ ಸ್ಪಷ್ಟವಾಗಿದೆ.