ಗ್ಯಾರಿಸನ್ ಸ್ಮಶಾನದ ಕಲ್ಲುಗಳು ಹೇಳುವ ಚರಿತ್ರೆ

ಶ್ರೀರಂಗಪಟ್ಟಣಕ್ಕೆ ಬರುವ ಪ್ರವಾಸಿಗರು ರಂಗನಾಥಸ್ವಾಮಿಯ ದರ್ಶನ ಮಾಡಿ, ದರಿಯಾ ದೌಲತ್, ಗುಂಬಜ್, ಸಂಗಮಗಳನ್ನು ನೋಡಿ ಮೈಸೂರಿನ ಕಡೆಗೆ ಹೊರಟುಬಿಡುತ್ತಾರೆ. ಹೆದ್ದಾರಿಗೆ ಅನತಿ ದೂರದಲ್ಲಿ, ಕಾವೇರಿಯ ದಡದಲ್ಲಿರುವ ಗ್ಯಾರಿಸನ್ ಸ್ಮಶಾನದ ಕಡೆ ತಿರುಗುವವರು ಕಡಿಮೆ. ಗ್ಯಾರಿಸನ್ ಎಂದರೆ ಕೋಟೆ ಕಾವಲಿಗೆ ನಿಂತ ಪಡೆ. ಆ ಪಡೆಯ ಯುರೋಪಿಯನ್ನರ ಸುಮಾರು 300 ಗೋರಿಗಳು ಅಲ್ಲಿವೆ. ಇಟ್ಟಿಗೆ ಗಾರೆಯ ಕಟ್ಟೆಗಳು, ಮೇಲೆ ಚೂಪಾಗುತ್ತಾ ಹೋಗುವ ಸ್ತಂಭಗಳು, ಅಕ್ಷರ ಕೊರೆದ ಕಲ್ಲುಗಳು. ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಆ ಜಾಗದ ಬಗ್ಗೆ ನಾಲ್ಕು ಮಾತು ಬರೆಯುವುದು ಸೂಕ್ತವೆನಿಸಿತು.

1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಸುಲ್ತಾನ್ ಮಡಿದದ್ದು ಎಲ್ಲರಿಗೂ ಗೊತ್ತು. ಆ ಮುತ್ತಿಗೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಡೆ ಹೋರಾಡಿದವರೆಲ್ಲ ಇಂಗ್ಲಿಷರಲ್ಲ. ಅವರಲ್ಲಿ ಡಿ ಮ್ಯೂರಾನ್ ಎಂಬ ಕೂಲಿ ರೆಜಿಮೆಂಟೂ ಇತ್ತು. ಇಂದಿನ ಸ್ವಿಟ್ಜರ್‌ಲೆಂಡಿಗೆ ಸೇರಿದ ನ್ಯೂಶಾಟೆಲ್‌ನ ಚಾರ್ಲ್ಸ್ ಡೇನಿಯಲ್ ಡಿ ಮ್ಯೂರಾನ್ ಎಂಬಾತ 1781ರಲ್ಲಿ ಡಚ್ಚರ ಸೇವೆಗಾಗಿ ಇದನ್ನು ಕಟ್ಟಿದ. ಸಿಂಹಳದಲ್ಲಿದ್ದ ಈ ಪಡೆ 1795ರಲ್ಲಿ ಡಚ್ಚರನ್ನು ಬಿಟ್ಟು ಬ್ರಿಟಿಷರ ಸಂಬಳಕ್ಕೆ ಸೇರಿತು. ಹಾಗೆ ಕಾವೇರಿಯ ದಡಕ್ಕೆ ಬಂತು. ಈ ಸ್ಮಶಾನದಲ್ಲಿ ಅದರ ಅಧಿಕಾರಿಗಳ ಗೋರಿಗಳಿವೆ. ಅದೇ ರೆಜಿಮೆಂಟ್ 1813ರಲ್ಲಿ ಕೆನಡಾಕ್ಕೆ ಹೋಯಿತು. 1816ರಲ್ಲಿ ಅದು ವಿಸರ್ಜನೆಯಾದಾಗ ಅದರ ಕೆಲವು ಸೈನಿಕರು ಅಲ್ಲಿನ ರೆಡ್ ರಿವರ್ ದಂಡೆಯ ಹೊಸ ವಸಾಹತಿನಲ್ಲಿ ನೆಲೆಸಿದರು. ನ್ಯೂಶಾಟೆಲ್, ಸಿಂಹಳ, ಶ್ರೀರಂಗಪಟ್ಟಣ, ಕೆನಡಾ ಎಲ್ಲವನ್ನೂ ಜೋಡಿಸುವ ಚರಿತ್ರೆ ನಮ್ಮ ತಾಲ್ಲೂಕಿನ ಒಂದು ಸ್ಮಶಾನದಲ್ಲಿದೆ.

ಸಮಾಜ ವಿಜ್ಞಾನ ಕಲಿಸುತ್ತಿದ್ದ ನಾನು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗಲೆಲ್ಲ ಒಂದೇ ಕೆಲಸ ಕೊಡುತ್ತಿದ್ದೆ: ಕಲ್ಲಿನ ಮೇಲಿನ ವಯಸ್ಸು ಓದಿ ಪಟ್ಟಿ ಮಾಡಿ. ಅಧಿಕಾರಿಗಳ ಜೊತೆಗೆ ಅವರ ಹೆಂಡಿರು ಮಕ್ಕಳೂ ಅಲ್ಲಿ ಮಲಗಿದ್ದಾರೆಂದು ತಿಳಿದಾಗ ಗಲಾಟೆ ತಾನಾಗಿ ನಿಲ್ಲುತ್ತಿತ್ತು. ಯುದ್ಧ ಮುಗಿದರೂ ಸಾವು ನಿಲ್ಲಲಿಲ್ಲ. ಈ ದ್ವೀಪದ ಜ್ವರಕ್ಕೆ ಪಡೆ ತತ್ತರಿಸಿತು. 1809ರಲ್ಲಿ ಬೆಂಗಳೂರಿನಲ್ಲಿ ದಂಡು ಪ್ರದೇಶ ಸ್ಥಾಪನೆಯಾಗಿ ಸೈನ್ಯ ಅಲ್ಲಿಗೆ ಹೋಗಲು ಈ ಜ್ವರವೂ ದೊಡ್ಡ ಕಾರಣ. ಮಲೇರಿಯಾಕ್ಕೆ ಸೊಳ್ಳೆ ಕಾರಣವೆಂದು ರೊನಾಲ್ಡ್ ರಾಸ್ ಕಂಡುಹಿಡಿದದ್ದು 1897ರಲ್ಲಿ. ಅಂದರೆ ತಮ್ಮನ್ನು ಕೊಲ್ಲುತ್ತಿರುವುದು ಯಾವುದೆಂದು ತಿಳಿಯದೆಯೇ ಆ ಜನ ಸತ್ತರು. ಬೆಂಗಳೂರು ಬೆಳೆದ ಕಥೆಯ ಮೊದಲ ಪುಟ ಈ ಗೋರಿಗಳಲ್ಲೂ ಇದೆ.

ಒಮ್ಮೆ ಒಂಬತ್ತನೇ ತರಗತಿಯ ಹುಡುಗನೊಬ್ಬ ಕೇಳಿದ: “ಇವ್ರು ನಮ್ ಟಿಪ್ಪು ಸುಲ್ತಾನನ್ನ ಕೊಂದೋರಲ್ವಾ ಸಾ? ಇವ್ರ ಗೋರಿ ನಾವ್ಯಾಕ್ ಕಾಯ್ಬೇಕು?”

ನ್ಯಾಯವಾದ ಪ್ರಶ್ನೆ. ಊರಿನ ಹಿರಿಯರೂ ಇದನ್ನು ಕೇಳುತ್ತಾರೆ. ನನ್ನ ಉತ್ತರ ನಮ್ಮ ಜಿಲ್ಲೆಯದೇ ಆದ ಆತಕೂರಿನ ಶಾಸನ. ಹತ್ತನೇ ಶತಮಾನದ ಆ ಕಲ್ಲು ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ಹಾಕಿಸಿದ್ದು. ಗಂಗರ ಬೂತುಗನಿಂದ ಮಣಲೆರ ಎಂಬ ವೀರ ಆ ನಾಯಿಯನ್ನು ಕೇಳಿ ಪಡೆದಿದ್ದ. ಅದು ಹಂದಿಯೊಡನೆ ಹೋರಾಡಿ ಸತ್ತಿತು. ಅದೇ ಕಲ್ಲು ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಮಡಿದದ್ದನ್ನೂ ಹೇಳುತ್ತದೆ. ನಾಯಿಯ ಸಮಾಧಿಗಲ್ಲೆಂದು ಅದನ್ನು ಯಾರಾದರೂ ಒಗೆಯುವ ಕಲ್ಲು ಮಾಡಿಕೊಂಡಿದ್ದರೆ ಮೂರು ರಾಜಮನೆತನಗಳ ಚರಿತ್ರೆಗೆ ಒಂದು ಸಾಕ್ಷಿ ಕಳೆದುಹೋಗುತ್ತಿತ್ತು. ಸತ್ತವರು ಯಾರ ಕಡೆಯವರು ಎಂದು ನೋಡಿ ವೀರಗಲ್ಲನ್ನು ನಾವು ಉಳಿಸುವುದಿಲ್ಲ. ಕಲ್ಲು ಸಾಕ್ಷಿ, ಸಾಕ್ಷಿಯನ್ನು ಕಾಯುವುದೆಂದರೆ ಗೆದ್ದವರನ್ನು ಹೊಗಳುವುದಲ್ಲ.

ಈ ಸ್ಮಶಾನದಲ್ಲಿ ಇಲ್ಲದವರನ್ನೂ ನೆನೆಯಬೇಕು. ಕೋಟೆಯನ್ನು ಕಾಯುತ್ತಾ ಒಂದೇ ದಿನದಲ್ಲಿ ಮಡಿದ ಮೈಸೂರಿನ ಸಾವಿರಾರು ಸೈನಿಕರಿಗೆ ಹೀಗೆ ಒಬ್ಬೊಬ್ಬರಿಗೊಂದು ಹೆಸರಿನ ಕಲ್ಲಿಲ್ಲ. ಕಂಪನಿಯ ಪರವಾಗಿ ಸತ್ತ ಮದರಾಸಿನ ಸಿಪಾಯಿಗಳ ಗೋರಿ ಈ ಸಾಲುಗಳಲ್ಲಿಲ್ಲ. ಸಾಮಾನು ಹೊತ್ತವರು, ಎತ್ತಿನ ಗಾಡಿ ಹೊಡೆದವರು ಲೆಕ್ಕಕ್ಕೇ ಬರಲಿಲ್ಲ. ಈ ಸಾಲುಗೋರಿಗಳ ಮುಂದೆ ನಿಂತಾಗಲೇ ಆ ಕೊರತೆ ಎದ್ದು ಕಾಣುವುದು. ಗೋರಿಗಳನ್ನು ಅಳಿಸಿದರೆ ಆ ಕೊರತೆ ತುಂಬುವುದಿಲ್ಲ, ಅದನ್ನು ತೋರಿಸುವ ಗುರುತೂ ಹೋಗುತ್ತದೆ.

ಡಿ ಮ್ಯೂರಾನ್ ವಂಶಸ್ಥರ ನೆರವಿನಿಂದ ಈ ಸ್ಮಶಾನದ ದುರಸ್ತಿ ನಡೆದಿದೆ. ಇನ್ನೂರು ವರ್ಷಗಳ ನಂತರವೂ ಅವರು ತಮ್ಮವರನ್ನು ಹುಡುಕಿಕೊಂಡು ಬಂದರು, ಏಕೆಂದರೆ ಇಲ್ಲಿ ಓದಲು ಹೆಸರುಗಳಿದ್ದವು. ನಮ್ಮ ಹಳ್ಳಿಗಳ ಗತಿ ನೋಡಿ. ಕೆರೆ ಏರಿಯ ವೀರಗಲ್ಲು, ಹೊಲದ ಬದುವಿನ ಮಾಸ್ತಿಕಲ್ಲು ರಸ್ತೆ ಅಗಲ ಮಾಡುವಾಗ, ಹೊಲ ಸಮತಟ್ಟು ಮಾಡುವಾಗ ಜೆಸಿಬಿಯ ಬಾಯಿಗೆ ಹೋಗುತ್ತಿವೆ. ಬಿ. ಎಲ್. ರೈಸ್ ನೂರಮೂವತ್ತು ವರ್ಷಗಳ ಹಿಂದೆ ನಮ್ಮ ಸೀಮೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಅಚ್ಚು ಮಾಡಿಸಿದ್ದರಿಂದ ಎಷ್ಟೋ ಪಾಠಗಳು ಉಳಿದಿವೆ. ಶಾಸನವಿಲ್ಲದ ಕಲ್ಲುಗಳಿಗೆ ಅಂಥ ಪುಸ್ತಕವಿಲ್ಲ.

ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಈ ಸುವರ್ಣ ವರ್ಷದಲ್ಲಿ ನಿಮ್ಮ ನಿಮ್ಮ ಊರಿನ ಒಂದೊಂದು ಹಳೆಯ ಕಲ್ಲಿನ ಫೋಟೋ, ಅದು ಇರುವ ಜಾಗ, ಅದರ ಬಗ್ಗೆ ಹಿರಿಯರು ಹೇಳುವ ಮಾತು, ಇಷ್ಟನ್ನು ಬರೆದು ಶಾಲೆಗೆ ಕೊಡಿ. ಒಂದು ರಿಜಿಸ್ಟರ್ ತೆರೆದು ಗ್ರಂಥಾಲಯದಲ್ಲಿಡೋಣ. ಮುಂದೆ ಬರುವ ಒಂಬತ್ತನೇ ತರಗತಿಯ ಮಕ್ಕಳಿಗೆ ಓದಲು ನಮ್ಮವರ ಹೆಸರುಗಳೂ ಇರಲಿ.